ಕಡಲ್ಕೊರೆತ, ಚಂಡಮಾರುತ: ಉಪಗ್ರಹಕ್ಕೆ ಕಾಣುವ ಹಾನಿ ಯಾವುದು, ಕಾಣದ್ದು ಯಾವುದು?

ನವದೆಹಲಿ: 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಉತ್ತರಕ್ಕೆ ಸಾಗಿ ಗುಜರಾತ್ ತೀರಕ್ಕೆ ಅಪ್ಪಳಿಸಿತು. ಕರ್ನಾಟಕದಲ್ಲಿ ಅದು ನೆಲ ಮುಟ್ಟಲೇ ಇಲ್ಲ. ಆದರೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಮನೆ, ರಸ್ತೆ, ತೆಂಗಿನ ಮರಗಳು ಅಲೆಗಳ ಪಾಲಾದವು. ಇಂಥ ಹಾನಿಯ ಅಂದಾಜು ಈಗ ಬಾಹ್ಯಾಕಾಶದಿಂದಲೇ ಆರಂಭವಾಗುತ್ತದೆ. ಅದು ಹೇಗೆ? ಸಂತ್ರಸ್ತರ ಪರಿಹಾರಕ್ಕೆ ಅಷ್ಟೇ ಸಾಕೇ? ಇಲ್ಲಿದೆ ವಿವರ.

ನಕ್ಷೆ ಮಾಡುವವರು ಯಾರು?

ಇಸ್ರೊದ ಅಂಗಸಂಸ್ಥೆಯಾದ ಹೈದರಾಬಾದ್‌ನ ರಾಷ್ಟ್ರೀಯ ದೂರಸಂವೇದಿ ಕೇಂದ್ರ (ಎನ್‌ಆರ್‌ಎಸ್‌ಸಿ) ವಿಪತ್ತಿನ ವೇಳೆ ಉಪಗ್ರಹ ಚಿತ್ರಗಳಿಂದ ನಕ್ಷೆ ತಯಾರಿಸಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೆ ಕಳುಹಿಸುತ್ತದೆ. 2009ರಲ್ಲಿ ಆರಂಭವಾದ 'ಭುವನ್' ಪೋರ್ಟಲ್‌ನಲ್ಲಿ ಸಾರ್ವಜನಿಕರೂ ಹಲವು ನಕ್ಷೆಗಳನ್ನು ನೋಡಬಹುದು. ದೊಡ್ಡ ದುರಂತಗಳಾದಾಗ ವಿವಿಧ ದೇಶಗಳ ಬಾಹ್ಯಾಕಾಶ ಸಂಸ್ಥೆಗಳು ಉಚಿತವಾಗಿ ಚಿತ್ರ ಒದಗಿಸುವ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ. ಇಸ್ರೊ 2001ರಲ್ಲೇ ಅದಕ್ಕೆ ಸೇರಿದೆ.

ಮೋಡ ಕವಿದಿದ್ದರೆ?

2019ರಲ್ಲಿ ಉಡಾವಣೆಯಾದ ಕಾರ್ಟೊಸ್ಯಾಟ್-3ರ ಕ್ಯಾಮೆರಾಗೆ ಸುಮಾರು 25 ಸೆಂ.ಮೀ.ನಷ್ಟು ಸಣ್ಣ ವಿವರವೂ ಸಿಗುತ್ತದೆ. ಆದರೆ ಮೋಡ ಅಡ್ಡ ಬಂದರೆ ಅದು ಕುರುಡು. ಕರಾವಳಿಯಲ್ಲಿ ಹಾನಿ ಹೆಚ್ಚಾಗುವುದೇ ಮಳೆಗಾಲದಲ್ಲಿ. ಆಗ ನೆರವಿಗೆ ಬರುವುದು 2022ರ ಫೆಬ್ರುವರಿ 14ರಂದು ಕಕ್ಷೆ ಸೇರಿದ ಇಒಎಸ್-04ನಂಥ ರಾಡಾರ್ ಉಪಗ್ರಹ. ಅದು ತಾನೇ ಮೈಕ್ರೊವೇವ್ ಕಳುಹಿಸಿ, ಮರಳಿ ಬಂದದ್ದನ್ನು ದಾಖಲಿಸುತ್ತದೆ. ಹಾಗಾಗಿ ಮೋಡವಿದ್ದರೂ, ರಾತ್ರಿಯಾದರೂ ಚಿತ್ರ ಸಿಗುತ್ತದೆ. ನಿಂತ ನೀರು ಅಲೆಗಳನ್ನು ಬೇರೆಡೆಗೆ ಪ್ರತಿಫಲಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಆದರೆ ಒತ್ತೊತ್ತಾದ ಮನೆಗಳ ನಡುವೆ ನಿಂತ ನೀರನ್ನು ಗುರುತಿಸುವುದು ರಾಡಾರ್‌ಗೂ ಕಷ್ಟ.

'ಮೊದಲಿನ' ಚಿತ್ರ ಏಕೆ ಬೇಕು?

ಘಟನೆಯ ನಂತರದ ಚಿತ್ರವೊಂದೇ ಇದ್ದರೆ ಕಳೆದುಹೋದದ್ದೇನು ಎಂದು ತಿಳಿಯುವುದಿಲ್ಲ. ಮೊದಲಿನ ಚಿತ್ರದ ಜೊತೆ ಹೋಲಿಸಿದಾಗಲೇ ಕೊಚ್ಚಿಹೋದ ರಸ್ತೆ, ಕಣ್ಮರೆಯಾದ ಮನೆ ಗೊತ್ತಾಗುತ್ತದೆ. ಚಿತ್ರ ತೆಗೆದ ಹೊತ್ತಿನ ಉಬ್ಬರ-ಇಳಿತವನ್ನೂ ಲೆಕ್ಕ ಹಾಕಬೇಕು. ಇಲ್ಲವಾದರೆ ಬರೀ ಉಬ್ಬರವೇ ಕೊರೆತದಂತೆ ಕಂಡೀತು.

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಚಿತ್ರಗಳನ್ನು ಹೀಗೆ ಹೋಲಿಸಿದೆ. ಅದರ ಪ್ರಕಾರ ದೇಶದ ಕರಾವಳಿಯ ಶೇ 33.6ರಷ್ಟು ಭಾಗ ಕೊರೆತಕ್ಕೆ ಒಳಗಾಗಿದೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ 23.7. ಶೇ 26ರಷ್ಟು ಕಡೆ ಮರಳು ಶೇಖರಣೆಯಾಗಿ ತೀರ ಬೆಳೆದಿದೆ. ಆದರೆ ಉಳ್ಳಾಲದಂಥ ಕಡೆ ಮನೆ ಕಳೆದುಕೊಂಡವರಿಗೆ, ಬೇರೆಲ್ಲೋ ತೀರ ಬೆಳೆದದ್ದು ಸಮಾಧಾನವಲ್ಲ.

ಪರಿಹಾರಕ್ಕೆ ನಕ್ಷೆ ಸಾಕೇ?

ಸಾಲದು. ರಾಜ್ಯ ವಿಪತ್ತು ಸ್ಪಂದನಾ ನಿಧಿಯ (ಎಸ್‌ಡಿಆರ್‌ಎಫ್) 2022-26ರ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ತಿ ನಾಶವಾದ ಮನೆಗೆ ₹1.2 ಲಕ್ಷ ಪರಿಹಾರವಿದೆ. ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ ₹6,500, ಕಚ್ಚಾ ಮನೆಗೆ ₹4,000. ಉಪಗ್ರಹಕ್ಕೆ ಕಾಣುವುದು ಚಾವಣಿ ಮಾತ್ರ. ಬಿರುಕು ಬಿಟ್ಟ ಗೋಡೆ, ಕುಸಿದ ಅಡಿಪಾಯ, ಒಳಗೆ ತುಂಬಿದ ಕೆಸರು ಕಾಣುವುದಿಲ್ಲ. ಕಂದಾಯ ಸಿಬ್ಬಂದಿ ಮತ್ತು ಎಂಜಿನಿಯರ್‌ಗಳು ಸ್ಥಳಕ್ಕೆ ಬಂದು ಪರಿಶೀಲಿಸುವುದು ಇದಕ್ಕಾಗಿಯೇ.

ಇನ್ನೊಂದು ತೊಡಕೂ ಇದೆ. ಈ ನಿಧಿಗೆ ಕೇಂದ್ರ ಗುರುತಿಸಿರುವ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ, ಪ್ರವಾಹ, ಸುನಾಮಿ ಇವೆ. ವರ್ಷವರ್ಷವೂ ಮೆಲ್ಲನೆ ನೆಲ ನುಂಗುವ ಕಡಲ್ಕೊರೆತ ಇಲ್ಲ. ಕೊರೆತ ತಡೆಗೆ ₹1,500 ಕೋಟಿ, ನಿರಾಶ್ರಿತರ ಪುನರ್ವಸತಿಗೆ ₹1,000 ಕೋಟಿ ಮೀಸಲಿಡುವಂತೆ 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಶಿಫಾರಸು ಮಾಡಿತ್ತು. ಕೊರೆತ ಎಲ್ಲಿ, ಎಷ್ಟು ವರ್ಷಗಳಿಂದ ನಡೆದಿದೆ ಎಂದು ತೋರಿಸಲು ದಿನಾಂಕವಿರುವ ಉಪಗ್ರಹ ಚಿತ್ರವೇ ಗಟ್ಟಿ ಸಾಕ್ಷಿ.

ನೀವೇನು ಮಾಡಬಹುದು?

ಮಳೆಗಾಲಕ್ಕೆ ಮೊದಲೇ ಮನೆಯ ಹೊರಗೆ, ಒಳಗೆ ದಿನಾಂಕಸಹಿತ ಫೋಟೊ ತೆಗೆದಿಡಿ. ಹಾನಿಯಾದರೆ ದುರಸ್ತಿಗೆ ಮೊದಲು ಮತ್ತೆ ಫೋಟೊ ತೆಗೆದು ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಉಪಗ್ರಹಕ್ಕೆ ಕಾಣದ ಹಾನಿಗೆ ಅದೇ ದಾಖಲೆ.