ಮೈದಾನದ ನಡುವಿನಿಂದ ಗೆರೆಯಾಚೆಗೆ

ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವರ ಹೆಸರು ಮರುದಿನದ ಪೇಪರಿನಲ್ಲಿ ಬರುತ್ತದೆ. ಗೋಲು ತಡೆದ ಕೀಪರನ ಫೋಟೋ ಕೂಡ ಆಗಾಗ ಬರುವುದುಂಟು. ನಡುವೆ ನಿಂತು ಆಟ ನಡೆಸುವ ಮಿಡ್‌ಫೀಲ್ಡರನ ಸುದ್ದಿ ಮಾತ್ರ ಕಡಿಮೆ. ಚೆಂಡು ಇನ್ನೂ ದಾರಿಯಲ್ಲಿರುವಾಗಲೇ ಅವನು ಒಮ್ಮೆ ಎಡ ಹೆಗಲ ಮೇಲಿಂದ, ಒಮ್ಮೆ ಬಲ ಹೆಗಲ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸಿ, ಮೈಯನ್ನು ಅರ್ಧ ತಿರುಗಿಸಿಕೊಂಡು ನಿಂತಿರುತ್ತಾನೆ. ಬಂದ ಚೆಂಡು ಅವನ ಕಾಲಲ್ಲಿ ಒಂದು ಕ್ಷಣವೂ ತಂಗುವುದಿಲ್ಲ. ಮೈದಾನದಲ್ಲಿ ಯಾರು ಎಲ್ಲಿದ್ದಾರೆ, ಮುಂದಿನ ಗಳಿಗೆಗೆ ಎಲ್ಲಿರುತ್ತಾರೆ ಎಂಬ ಲೆಕ್ಕ ಅವನ ತಲೆಯಲ್ಲಿ ಸದಾ ನಡೆಯುತ್ತಿರುತ್ತದೆ. ಆಟ ಬಿಟ್ಟ ಮೇಲೆ ಇಂಥವರು ಒಳ್ಳೆಯ ಕೋಚ್ ಆಗುತ್ತಾರೆಂದು ಜಗತ್ತಿನೆಲ್ಲೆಡೆ ನಂಬುವುದು ಇದೇ ಕಾರಣಕ್ಕೆ. ಕರ್ನಾಟಕ ಇಂಥ ಆಟಗಾರರನ್ನು ಎಂಟು ದಶಕಗಳಿಂದ ದೇಶಕ್ಕೆ ಕೊಡುತ್ತ ಬಂದಿದೆ. ಆದರೆ ದೇಶ ಗುರುತಿಸುವಂಥ ಕೋಚ್‌ಗಳು ಇಲ್ಲಿಂದ ಬಂದದ್ದು ಬೆರಳೆಣಿಕೆಯಷ್ಟು. ಆಟ ಬಲ್ಲವರಿಗೆ ನಾವು ನೌಕರಿ ಕೊಟ್ಟೆವು, ಕಲಿಸುವ ಕಸುಬನ್ನು ಕೊಡಲಿಲ್ಲ ಎಂಬುದು ಈ ಲೇಖನದ ವಾದ.

ಹಳೆಯ ಮೈಸೂರು ರಾಜ್ಯದ ಫುಟ್‌ಬಾಲ್ ಬೆಂಗಳೂರಿನ ದಂಡು ಪ್ರದೇಶದ ಓಣಿಗಳಲ್ಲಿ ಬೆಳೆಯಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ, ಅಲ್ಲಿಯವರೆಗೆ ಬ್ರಿಟಿಷ್ ಸೈನಿಕ ತಂಡಗಳ ಸ್ವತ್ತಾಗಿದ್ದ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. ಮರುವರ್ಷವೂ ಅದನ್ನು ಬಿಡಲಿಲ್ಲ. 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಬೆಂಗಳೂರಿನ ಹುಡುಗರು ಹಲವರಿದ್ದರು. ಜುಲೈ 31ರಂದು ಇಲ್ಫರ್ಡ್‌ನಲ್ಲಿ ಫ್ರಾನ್ಸ್ ಎದುರು, ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ ಆ ಪಂದ್ಯದಲ್ಲಿ ಎರಡು ಪೆನಾಲ್ಟಿಗಳು ಕೈತಪ್ಪಿದವು. 70ನೇ ನಿಮಿಷದಲ್ಲಿ ಸಮಬಲದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಇನ್ನೇನು ಪಂದ್ಯ ಮುಗಿಯಿತು ಅನ್ನುವಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಅದೇ ಕೂಟದಲ್ಲಿ ಚಿನ್ನ ಗೆದ್ದದ್ದು ಸ್ವೀಡನ್. ಆ ತಂಡದಲ್ಲಿ ನಿಲ್ಸ್ ಲೀಡ್‌ಹಾಲ್ಮ್ ಎಂಬ ತರುಣನಿದ್ದ. ಒಂದೇ ಕೂಟದಲ್ಲಿ ಆಡಿದ ಈ ಎರಡು ಗುಂಪುಗಳ ಮುಂದಿನ ದಾರಿಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಕಥೆ ಸ್ಪಷ್ಟವಾಗುತ್ತದೆ.

ಲೀಡ್‌ಹಾಲ್ಮ್ 1949ರಲ್ಲಿ ಇಟಲಿಯ ಮಿಲಾನ್ ಕ್ಲಬ್ ಸೇರಿ, ಹನ್ನೆರಡು ವರ್ಷ ಅಲ್ಲೇ ಆಡಿ, ನಡುವಿನ ಜಾಗದ ಒಡೆಯನಂತೆ ಬೆಳೆದರು. 1958ರ ವಿಶ್ವಕಪ್ ಫೈನಲ್‌ನಲ್ಲಿ ಸ್ವೀಡನ್ ನಾಯಕರಾಗಿ ಬ್ರೆಜಿಲ್ ವಿರುದ್ಧ ಮೊದಲ ಗೋಲು ಹೊಡೆದವರೂ ಅವರೇ. ಪೆಲೆಯ ತಂಡ 5–2ರಿಂದ ಗೆದ್ದದ್ದು ಬೇರೆ ಮಾತು. ಆಟ ಬಿಟ್ಟ ಮೇಲೆ ಕೋಚ್ ಆಗಿ 1978–79ರಲ್ಲಿ ಮಿಲಾನ್‌ಗೆ, 1982–83ರಲ್ಲಿ ರೋಮಾಗೆ ಇಟಲಿಯ ಲೀಗ್ ಗೆದ್ದುಕೊಟ್ಟರು. ರೋಮಾದಲ್ಲಿ 1984ರಲ್ಲಿ ಅವರ ಜಾಗಕ್ಕೆ ಬಂದವರು ಮತ್ತೊಬ್ಬ ಸ್ವೀಡಿಷ್ ಕೋಚ್, ಸ್ವೆನ್ ಯೋರಾನ್ ಎರಿಕ್ಸನ್. ಆಟಗಾರರಾಗಿ ಎರಿಕ್ಸನ್ ತೀರ ಸಾಮಾನ್ಯ ಡಿಫೆಂಡರ್. ಹಾಗಿದ್ದೂ 1982ರಲ್ಲಿ ಗೋಥೆನ್‌ಬರ್ಗ್ ತಂಡಕ್ಕೆ ಯುಇಎಫ್‌ಎ ಕಪ್ ಗೆಲ್ಲಿಸಿ, ಮುಂದೆ ಇಂಗ್ಲೆಂಡ್ ರಾಷ್ಟ್ರೀಯ ತಂಡವನ್ನೇ ನಡೆಸಿದರು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. 1948ರಲ್ಲಿ ಸ್ವೀಡನ್‌ಗೆ ಚಿನ್ನ ಗೆಲ್ಲಿಸಿದ ಕೋಚ್ ಜಾರ್ಜ್ ರೇನರ್ ಇಂಗ್ಲೆಂಡಿನವರು. 1970ರ ದಶಕದಲ್ಲಿ ಮಾಲ್ಮೊ ಮತ್ತು ಹಾಲ್ಮ್‌ಸ್ಟಾಡ್ ತಂಡಗಳನ್ನು ಬೆಳೆಸಿದ ಬಾಬ್ ಹೌಟನ್, ರಾಯ್ ಹಾಡ್‌ಸನ್ ಕೂಡ ಇಂಗ್ಲೆಂಡಿನವರೇ. ಹೌಟನ್ ಅವರ ಮಾಲ್ಮೊ 1979ರಲ್ಲಿ ಯುರೋಪಿಯನ್ ಕಪ್ ಫೈನಲ್‌ವರೆಗೆ ಹೋಯಿತು. ಹೊರಗಿನಿಂದ ಬಂದವರ ವಿದ್ಯೆಯನ್ನು ಸ್ವೀಡನ್ ತನ್ನ ಮಣ್ಣಿನವರಿಗೆ ಕಲಿಸಿಕೊಂಡಿತು. ಎರಿಕ್ಸನ್ ಅಂಥವರು ಆ ಕಲಿಕೆಯ ಫಲ.

ಇನ್ನು ನಮ್ಮ ಕಡೆಗೆ ಬರೋಣ. ಮರಿಯಪ್ಪ ಕೆಂಪಯ್ಯ ಬೆಂಗಳೂರಿನ ಹಾಫ್‌ಬ್ಯಾಕ್. ಇಂದಿನ ಮಾತಿನಲ್ಲಿ ಮಿಡ್‌ಫೀಲ್ಡರ್. 1956ರ ಮೆಲ್ಬರ್ನ್, 1960ರ ರೋಮ್, ಎರಡೂ ಒಲಿಂಪಿಕ್ಸ್‌ನ ತಂಡದಲ್ಲಿದ್ದವರು. ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅದಕ್ಕಿಂತ ಮೇಲೆ ನಾವು ಇಂದಿಗೂ ಏರಿಲ್ಲ. ಆ ತಂಡದ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ‘ಮೈದಾನ್’ ಚಿತ್ರ ನೋಡಿದವರಿಗೆ ಈ ಹೆಸರು ಹೊಸದಲ್ಲ. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನಗಳೂ ಅವರದೇ ಕೈಚಳಕ. ರಹೀಮ್ ಮೂಲತಃ ಶಾಲಾ ಮಾಸ್ತರು. ನಮ್ಮ ವಿಜಯಪುರ ಜಿಲ್ಲೆಯ ಆಲಮೇಲದವರು ಭೀಮಾ ನದಿ ದಾಟಿ ಅಫಜಲಪುರಕ್ಕೆ ಹೋದರೆ ಆ ಕಾಲಕ್ಕೆ ನಿಜಾಮರ ಹೈದರಾಬಾದ್ ಸಂಸ್ಥಾನ. ನದಿಯ ಆ ದಡದ ರಾಜ್ಯ ಆಡಿಸುವ ಗುರುವನ್ನು ಬೆಳೆಸಿತು, ದಕ್ಷಿಣದ ಮೈಸೂರು ರಾಜ್ಯ ಆಡುವ ಶಿಷ್ಯರನ್ನು ಬೆಳೆಸಿತು. ಇದು ಕಾಕತಾಳೀಯ ಅನ್ನುವಂತಿಲ್ಲ. ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ರಹೀಮ್ ಎರಡು ದಶಕ ಒಂದೇ ಕೈಯಲ್ಲಿ ನಡೆಸಿದರು. ಅಲ್ಲಿ ಕೋಚ್ ಎಂಬುದು ಒಂದು ಹುದ್ದೆಯಾಗಿ, ಒಂದು ಪರಂಪರೆಯಾಗಿ ನಿಂತಿತ್ತು. ಮೈಸೂರು 1952–53, 1967–68, 1968–69ರಲ್ಲಿ ಮತ್ತೆ ಸಂತೋಷ್ ಟ್ರೋಫಿ ಗೆದ್ದರೂ ಅಂಥ ಒಂದು ಹೆಸರು ಇಲ್ಲಿ ಬೇರುಬಿಡಲಿಲ್ಲ.

ಅದರ ಬದಲು ಇಲ್ಲಿ ಬೇರುಬಿಟ್ಟದ್ದು ಕಾರ್ಖಾನೆ ಫುಟ್‌ಬಾಲ್. ಬೆಂಗಳೂರಿನ ಕೇಂದ್ರ ಸರ್ಕಾರಿ ಸಂಸ್ಥೆಗಳಾದ ಎಚ್‌ಎಎಲ್, ಐಟಿಐ, ಬಿಇಎಂಎಲ್, ಎಲ್‌ಆರ್‌ಡಿಇ ಮೊದಲಾದ ಕಡೆ ಆಟಗಾರರನ್ನು ನೌಕರಿಗೆ ಸೇರಿಸಿಕೊಳ್ಳುತ್ತಿದ್ದರು. ಬಡ ಮನೆಯ ಹುಡುಗನಿಗೆ ಅದು ದೊಡ್ಡ ಆಸರೆ. ಅದನ್ನು ಹೀಗಳೆಯುವುದು ತಪ್ಪು. 1977ರ ಮೊಟ್ಟಮೊದಲ ಫೆಡರೇಷನ್ ಕಪ್‌ನಲ್ಲಿ ಐಟಿಐ ತಂಡ ಫೈನಲ್‌ನಲ್ಲಿ ಮೋಹನ್ ಬಾಗಾನನ್ನೇ 1–0ರಿಂದ ಮಣಿಸಿತು. ಆದರೆ ಈ ವ್ಯವಸ್ಥೆಯಲ್ಲಿ ಆಟಕ್ಕೆ ಒಂದು ವಯಸ್ಸಿನ ಗಡಿಯಿತ್ತು, ನೌಕರಿಗೆ ನಿವೃತ್ತಿಯವರೆಗಿನ ಭದ್ರತೆಯಿತ್ತು. ಮೂವತ್ತು ದಾಟಿದವರು ಬೂಟು ಕಳಚಿ ತಮ್ಮ ಟೇಬಲ್ಲಿಗೋ ಶಾಪ್ ಫ್ಲೋರಿಗೋ ಮರಳುವುದೇ ರೂಢಿಯಾಯಿತು. ಪಿಂಚಣಿಯ ಭರವಸೆ ಬಿಟ್ಟು, ಸಂಬಳ ಎಷ್ಟೆಂದೇ ಗೊತ್ತಿಲ್ಲದ ಕೋಚಿಂಗ್‌ಗೆ ಇಳಿಯುವ ಹುಚ್ಚುತನ ಯಾರು ಮಾಡಿಯಾರು?

ಆ ಹುಚ್ಚುತನ ಮಾಡಿದವರಲ್ಲಿ ಕಾರ್ಲ್‌ಟನ್ ಚಾಪ್‌ಮನ್ ಒಬ್ಬರು. ಈ ಸಮೀಕ್ಷೆಯಲ್ಲಿ ಅವರಿಗೆ ಹೆಚ್ಚು ಜಾಗ ಸಲ್ಲಬೇಕು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಆಸ್ಟಿನ್ ಟೌನ್‌ನಲ್ಲಿ ಬೆಳೆದವರು. 1990ರ ಹೊತ್ತಿಗೆ ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿ, 1993ರಲ್ಲಿ ಕೋಲ್ಕತ್ತೆಯ ಈಸ್ಟ್ ಬೆಂಗಾಲ್‌ಗೆ ಬಂದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಮುರಿದಾಗ ಮೂರು ಗೋಲು ಚಾಪ್‌ಮನ್ ಅವರವು. ಒಬ್ಬ ಮಿಡ್‌ಫೀಲ್ಡರ್ ಹ್ಯಾಟ್ರಿಕ್ ಹೊಡೆಯುವುದೇ ಅಪರೂಪ. ಏಷ್ಯಾದ ಬಲಿಷ್ಠ ಕ್ಲಬ್ಬೊಂದರ ಎದುರು ಇನ್ನೂ ಅಪರೂಪ. 1995ರಲ್ಲಿ ಪಂಜಾಬಿನ ಜೆಸಿಟಿ ಸೇರಿ, ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಅವರ ಹಿಂದೆ ನಿಂತು ಚೆಂಡು ಒದಗಿಸಿದರು. 1996–97ರ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಜೆಸಿಟಿ ಪಾಲಾಯಿತು. 1997ರ ಸ್ಯಾಫ್ ಕಪ್ ಗೆದ್ದ ಭಾರತ ತಂಡಕ್ಕೆ ಅವರೇ ನಾಯಕ. ಮುಂದೆ ಈಸ್ಟ್ ಬೆಂಗಾಲ್‌ಗೆ ಮರಳಿ, 2001ರಲ್ಲಿ ಅದರ ನಾಯಕನಾಗಿ ರಾಷ್ಟ್ರೀಯ ಲೀಗ್ ಗೆದ್ದು, ಆ ಗೆಲುವಿನ ಮೇಲೆಯೇ ಆಟ ಮುಗಿಸಿದರು.

ಅವರ ಎರಡನೇ ಇನಿಂಗ್ಸ್ ನೋಡಿ. 2002ರಲ್ಲಿ ಕೋಚಿಂಗ್‌ಗೆ ಕರೆದದ್ದು ಟಾಟಾ ಅಕಾಡೆಮಿ. ಅಂದರೆ ಕಲಿಸುವುದನ್ನೇ ಕೆಲಸವಾಗಿಸಿಕೊಂಡ ಸಂಸ್ಥೆಯೇ ತನ್ನ ಹಳೆಯ ವಿದ್ಯಾರ್ಥಿಯನ್ನು ಗುರುವಾಗಿ ಕಂಡಿತು. ಅಲ್ಲಿಂದ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ ತಂಡಕ್ಕೆ ಹೋಗಿ ಅಲ್ಲಿನ ಪ್ರೀಮಿಯರ್ ಲೀಗ್ ಗೆಲ್ಲಿಸಿದರು. ಆ ಕ್ಲಬ್ ಮುಂದೆ 2014–15ರ ಐ-ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೇರಿತು. ಅಷ್ಟೊತ್ತಿಗೆ ಕೋಚ್ ಬೇರೆಯವರಾಗಿದ್ದರು. ಆಮೇಲೆ ಕೋಲ್ಕತ್ತೆಯ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ, 2017ರಿಂದ ಕೋಯಿಕ್ಕೋಡಿನ ಕ್ವಾರ್ಟ್ಸ್. ಊರೂರು ಅಲೆದ ಈ ಪಟ್ಟಿಯಲ್ಲಿ ತವರಿನ ಪಾಲು ಒಂದು ಸ್ಥಳೀಯ ಕ್ಲಬ್ ಮಾತ್ರ. 2020ರ ಅಕ್ಟೋಬರ್ 12ರಂದು, 49ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡಾಗ ಪತ್ರಿಕೆಗಳು ಆಟಗಾರ ಚಾಪ್‌ಮನ್‌ನನ್ನು ಮನಸಾರೆ ನೆನೆದವು. ಕೋಚ್ ಚಾಪ್‌ಮನ್‌ಗೆ ಹೆಚ್ಚೆಂದರೆ ಒಂದು ಪ್ಯಾರಾ ಸಿಕ್ಕಿತು.

ನನ್ನ ಈ ವಾದಕ್ಕೆ ಮೊದಲ ಆಕ್ಷೇಪ ಎಚ್‌ಎಎಲ್ ಕಡೆಯಿಂದ ಬರಬಹುದು. ಆ ತಂಡ 2010–11, 2011–12ರಲ್ಲಿ ವಿದೇಶಿ ಆಟಗಾರರಿಲ್ಲದೆ, ತನ್ನ ನೌಕರರನ್ನೇ ಕಟ್ಟಿಕೊಂಡು, ತನ್ನವರೇ ಆದ ಕೋಚ್‌ಗಳ ಕೈಕೆಳಗೆ ಐ-ಲೀಗ್ ಆಡಿತು. ನಿಜ, ಅದು ಅಭಿಮಾನದ ಸಂಗತಿ. ಆದರೆ ಆ ಕೋಚ್‌ಗಳ ವಿದ್ಯೆ ಕಂಪನಿ ಗೇಟಿನೊಳಗೆ ಉಳಿಯಿತು. ತಂಡ ಐ-ಲೀಗ್‌ನಿಂದ ಕೆಳಗಿಳಿದ ಮೇಲೆ ಆ ದಾರಿಯೂ ಕಿರಿದಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಅದರ ಕೋಚ್ ರವಿ ಬಾಬು ರಾಜು ಇಲ್ಲಿನವರೇ ಅಲ್ಲವೇ ಎಂದೂ ಕೇಳಬಹುದು. ಹೌದು. ಇಲ್ಲಿ ಕಲಿಸಬಲ್ಲವರು ಇದ್ದಾರೆ ಎಂಬುದಕ್ಕೆ ಆ ಗೆಲುವೇ ಸಾಕ್ಷಿ. ಆ ಒಂದು ಗೆಲುವಿಗೆ ಅರ್ಧ ಶತಮಾನ ಕಾಯಬೇಕಾಯಿತು ಎಂಬುದೂ ಅಷ್ಟೇ ನಿಜ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಕಾಲಿಟ್ಟ ವರ್ಷವೇ ಐ-ಲೀಗ್ ಗೆದ್ದದ್ದು ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಕೈಕೆಳಗೆ. 2016ರ ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದವರು ಸ್ಪೇನಿನ ಆಲ್ಬರ್ಟ್ ರೋಕಾ, 2018–19ರ ಐಎಸ್‌ಎಲ್ ತಂದುಕೊಟ್ಟವರು ಅದೇ ದೇಶದ ಕಾರ್ಲೆಸ್ ಕ್ವಾಡ್ರಾಟ್. ಹೊರಗಿನವರು ಕಪ್ ತರುತ್ತಿರುವಾಗ ನಮ್ಮವರೇ ಬೇಕೆಂಬ ಹಟವೇಕೆ? ಈ ಪ್ರಶ್ನೆಗೆ ಸ್ವೀಡನ್‌ನಲ್ಲೇ ಉತ್ತರವಿದೆ. ಹೊರಗಿನವರು ಬರಲಿ, ಹೋಗುವಾಗ ಅವರು ಯಾರನ್ನು ತಯಾರು ಮಾಡಿಟ್ಟು ಹೋದರು ಎಂದು ಕೇಳಬೇಕು. ಮಾಲ್ಮೊ ಕಟ್ಟಿದ ಅದೇ ಹೌಟನ್ 2006ರಿಂದ 2011ರವರೆಗೆ ಭಾರತದ ಕೋಚ್ ಆಗಿದ್ದರು. 2007, 2009ರ ನೆಹರು ಕಪ್, 2008ರ ಎಎಫ್‌ಸಿ ಚಾಲೆಂಜ್ ಕಪ್, 27 ವರ್ಷಗಳ ನಂತರ ಏಷ್ಯನ್ ಕಪ್ ಪ್ರವೇಶ, ಎಲ್ಲವೂ ಅವರ ಕಾಲದಲ್ಲಾಯಿತು. ಆದರೆ ಸ್ವೀಡನ್‌ನಲ್ಲಿ ಅವರ ಹಿಂದೆ ಒಂದು ಪೀಳಿಗೆಯ ಕೋಚ್‌ಗಳು ಎದ್ದುನಿಂತಂತೆ ಇಲ್ಲಿ ನಿಲ್ಲಲಿಲ್ಲ. ಸ್ವೀಡನ್ ಮಹಿಳಾ ತಂಡವನ್ನು 2011ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನಕ್ಕೆ ಒಯ್ದಿದ್ದ ಥಾಮಸ್ ಡೆನ್ನರ್‌ಬಿ ಕೂಡ ನಮ್ಮ ಮಹಿಳಾ ತಂಡಗಳಿಗೆ ಬಂದು ಹೋದರು. ಅವರ ಕೈಕೆಳಗೆ 2022ರ 17 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಭಾರತ ಆಡಿದ ಮೂರೂ ಪಂದ್ಯ ಸೋತಿತು, ಒಂದು ಗೋಲೂ ಬರಲಿಲ್ಲ. ಗುರು ಒಬ್ಬರೇ ದೊಡ್ಡವರಾದರೆ ಸಾಲದು. ಅವರ ಕೆಳಗೆ ಜಿಲ್ಲೆ ಜಿಲ್ಲೆಯಲ್ಲಿ ಕಲಿಸುವವರು ಇರಬೇಕು.

ದೊಡ್ಡ ಆಟಗಾರ ದೊಡ್ಡ ಕೋಚ್ ಆಗಲೇಬೇಕೆಂದಿಲ್ಲ ಎಂಬ ಮಾತೂ ಇದೆ. ಎರಿಕ್ಸನ್ ಉದಾಹರಣೆ ಅದನ್ನೇ ಹೇಳುತ್ತದೆ. ಇದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡಿಸುವುದಿಲ್ಲ. ಆಡುವ ಪ್ರತಿಭೆ ತಾನಾಗಿ ಕಲಿಸುವ ಪ್ರತಿಭೆಯಾಗದು ಎಂದಮೇಲೆ, ಅದನ್ನು ಕಲಿಯುವ ಏಣಿ ಬೇಕೇ ಬೇಕು. ಖಾಲಿದ್ ಜಮೀಲ್ ಆ ಏಣಿ ಹತ್ತಿದ ಮಿಡ್‌ಫೀಲ್ಡರ್. ಗಾಯದಿಂದಾಗಿ ಆಟ ಬೇಗ ಮುಗಿಯಿತು. ಕೋಚ್ ಆಗಿ 2016–17ರಲ್ಲಿ ಐಜ್ವಾಲ್‌ನಂಥ ಪುಟ್ಟ ಕ್ಲಬ್‌ಗೆ ಐ-ಲೀಗ್ ಗೆಲ್ಲಿಸಿದರು. 2025ರ ಆಗಸ್ಟ್‌ನಲ್ಲಿ ಭಾರತ ತಂಡದ ಮುಖ್ಯ ಕೋಚ್ ಆದರು. ಮಣಿಪುರದ ಲಾಂಗಮ್ ಚಾವೊಬಾ ದೇವಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಮಹಿಳಾ ತಂಡದ ಕೋಚ್ ಆಗಿದ್ದು, 2024ರಲ್ಲಿ ರಾಷ್ಟ್ರೀಯ ತಂಡದ ಹೊಣೆ ಹೊತ್ತರು. ಇಬ್ಬರೂ ಕರ್ನಾಟಕದವರಲ್ಲ ಎಂಬುದನ್ನು ಬೇಸರದಿಂದಲೇ ಬರೆಯಬೇಕಾಗಿದೆ.

ಆಲಮೇಲ, ಸಿಂದಗಿ, ಇಂಡಿ ಕಡೆಯ ಓದುಗರಿಗೆ ಇದೆಲ್ಲ ಬೆಂಗಳೂರಿನ ಗೊಡವೆ ಅನಿಸೀತು. ನಮ್ಮಲ್ಲಿ ಕಬಡ್ಡಿ, ಖೋಖೋ, ಕ್ರಿಕೆಟ್. ಫುಟ್‌ಬಾಲ್ ಎಲ್ಲಿದೆ ಎಂದು ಕೇಳಿದರೆ ತಪ್ಪೇನಿಲ್ಲ. ಆದರೆ ಇದೇ ವಿಜಯಪುರ ಜಿಲ್ಲೆ ಸೈಕ್ಲಿಂಗ್‌ನಲ್ಲಿ ರಾಜ್ಯಕ್ಕೇ ಹೆಸರಾದದ್ದು ಹೇಗೆ? ನಮ್ಮ ಹಳ್ಳಿಗಳ ಹುಡುಗರು ಹುಟ್ಟುತ್ತಲೇ ರೇಸ್ ಸೈಕಲ್ ಹತ್ತಿದವರಲ್ಲ. ವಿಜಯಪುರದಲ್ಲಿ ಕ್ರೀಡಾ ಹಾಸ್ಟೆಲ್ ಇತ್ತು, ಸೈಕ್ಲಿಂಗ್ ಕಲಿಸುವವರಿದ್ದರು. ಕಲಿಸುವವರಿದ್ದ ಕಡೆ ಆಟ ಬಂತು. ಫುಟ್‌ಬಾಲ್‌ಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಹಳ್ಳಿ ಶಾಲೆಯಲ್ಲಿ ಮಗುವಿಗೆ ಮೊದಲು ಸಿಗುವ ಕೋಚ್ ಪಿ.ಟಿ. ಮಾಸ್ತರು. ಅವರಿಗೆ ಹೋಬಳಿ, ತಾಲೂಕು ಕ್ರೀಡಾಕೂಟಕ್ಕೆ ಹನ್ನೊಂದು ಜನರನ್ನು ಒಟ್ಟುಮಾಡಿ ಕರೆದೊಯ್ಯುವ ಹೊಣೆ ಇದೆ, ಆಟದ ಒಳಗುಟ್ಟು ಕಲಿಯುವ ಅವಕಾಶ ಇಲ್ಲ. ಡಿ, ಸಿ, ಬಿ, ಎ, ಪ್ರೊ ಎಂದು ಮೇಲೇರುವ ಕೋಚಿಂಗ್ ಲೈಸೆನ್ಸ್‌ಗಳಲ್ಲಿ ಮೊದಲ ಮೆಟ್ಟಿಲಿಗೇ ಅವರು ಕೈಯಿಂದ ಖರ್ಚು ಮಾಡಿಕೊಂಡು ದೂರದ ಊರಿಗೆ ಹೋಗಬೇಕು. ದೈಹಿಕ ಶಿಕ್ಷಕರಿಗೆ ಡಿ ಲೈಸೆನ್ಸ್ ಕೋರ್ಸ್ ಜಿಲ್ಲಾ ಕೇಂದ್ರದಲ್ಲೇ ನಡೆಯಲಿ, ಆ ದಿನಗಳಿಗೆ ಓಓಡಿ (ಕರ್ತವ್ಯದ ಮೇಲಿದ್ದಾರೆಂಬ ಹಾಜರಿ) ಕೊಡಲಿ, ಶುಲ್ಕವನ್ನು ಇಲಾಖೆ ಭರಿಸಲಿ. ಪಾಠ ಹೇಳಲು ಎಚ್‌ಎಎಲ್, ಐಟಿಐಗಳಿಗೆ ಆಡಿ ನಿವೃತ್ತರಾದವರನ್ನು ಕರೆಸಬಹುದು. ಅದಕ್ಕೆ ಬೇಕಾದ ಕ್ರೀಡಾಂಗಣವೂ ಹಾಸ್ಟೆಲೂ ವಿಜಯಪುರದಲ್ಲಿ ಆಗಲೇ ಇವೆ.