ಇಳಿದುಕೊಳ್ಳಲು ಛತ್ರ, ತಿನ್ನಲು ಹೋಟೆಲು

ಕನ್ನಡದಲ್ಲಿ ‘ಹೋಟೆಲು’ ಎಂದರೆ ತಿಂಡಿ-ಕಾಫಿಯ ಜಾಗ. ಇಂಗ್ಲಿಷಿನಲ್ಲಿ ಅದೇ ಶಬ್ದಕ್ಕೆ ಮಲಗಲು ಕೋಣೆ ಸಿಗುವ ಜಾಗ ಎಂಬ ಅರ್ಥ ಮೊದಲು ಬರುತ್ತದೆ. ನಾವು ಪದವನ್ನು ತಪ್ಪಾಗಿ ಎರವಲು ಪಡೆದೆವೆಂದು ಇದಕ್ಕೆ ನಗಬೇಕಾಗಿಲ್ಲ. ಪರಊರಿಗೆ ಹೋದವನಿಗೆ ಮಲಗಲು ಒಂದು ಕಡೆ, ಉಣ್ಣಲು ಇನ್ನೊಂದು ಕಡೆ ಎಂಬುದೇ ನಮ್ಮಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಶಬ್ದದ ಅರ್ಥ ಆ ಪದ್ಧತಿಯನ್ನು ಹಿಂಬಾಲಿಸಿತು, ಅಷ್ಟೆ.

ಯಲ್ಲಾಪುರ ತಾಲೂಕಿನ ಮಂಚಿಕೇರಿಯಂಥ ಊರಿನಿಂದ ಪಟ್ಟಣ ನೋಡಲು ಹೊರಟವರನ್ನು ನೆನೆಯೋಣ. 1862ರಿಂದ 1956ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆದ್ದರಿಂದ ಮಲೆನಾಡಿನ ಈ ಮೂಲೆಯವರಿಗೆ ರಾಜಧಾನಿ ಎಂದರೆ ಬೆಂಗಳೂರಲ್ಲ, ಮುಂಬಯಿ. ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಹಡಗು ಹತ್ತಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಇಲ್ಲವೇ ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಯಬೇಕು. ಅಡಿಕೆಯ ಕೊನೆಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡಿದಾಗಲೇ ಇಂಥ ಪ್ರಯಾಣದ ಮಾತು. ಆಗ ಏಳುವ ಮೊದಲ ಪ್ರಶ್ನೆ: ಎಲ್ಲಿ ಇಳಿದುಕೊಳ್ಳುವುದು?

ಹಳೆಯ ಉತ್ತರ, ನೆಂಟರ ಮನೆ. ನೆಂಟರಿಲ್ಲದಿದ್ದರೆ ಮಠ, ದೇವಸ್ಥಾನ, ಛತ್ರ. ಛತ್ರವೆಂಬುದು ವ್ಯಾಪಾರವಲ್ಲ, ಪುಣ್ಯಕಾರ್ಯ. ಬೆಂಗಳೂರಿನ ಸಿಟಿ ರೈಲು ನಿಲ್ದಾಣದ ಹತ್ತಿರ ವರ್ತಕ ಗುಬ್ಬಿ ತೋಟದಪ್ಪನವರು ತಮ್ಮ ಗಳಿಕೆಯಿಂದ ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಆರಂಭವಾಯಿತು. ರೈಲಿನ ಕಾಲದಲ್ಲಿ ಛತ್ರ ಹೇಗೆ ಹೊಸ ಜಾಗಕ್ಕೆ ಬಂತೆಂಬುದಕ್ಕೆ ಇದೊಂದು ನಿದರ್ಶನ. ಹಿಂದೆ ಛತ್ರ ಯಾತ್ರೆಯ ದಾರಿಯಲ್ಲಿರುತ್ತಿತ್ತು. ಈಗ ರೈಲು ಇಳಿದಲ್ಲೇ ಬಂತು. ಆದರೆ ಹಲವು ಛತ್ರಗಳಲ್ಲಿ ಬಾಡಿಗೆ ಕೇಳುತ್ತಿರಲಿಲ್ಲ, ಜಾತಿ ಕೇಳುತ್ತಿದ್ದರು.

ಊಟದ ಪ್ರಶ್ನೆ ಇನ್ನೂ ಕಠಿಣ. ಮಡಿ-ಮೈಲಿಗೆಯ ಕಾಲದಲ್ಲಿ ಪರರು ಬೇಯಿಸಿದ ಅನ್ನ ಉಣ್ಣುವುದೆಂದರೆ ಸಣ್ಣ ಮಾತಲ್ಲ. ಈ ಹಿಂಜರಿಕೆಯನ್ನು ಗೆದ್ದವರು ಕರಾವಳಿಯ ಅಡಿಗೆಯವರು. ಬೇಯಿಸುವವರು ಬ್ರಾಹ್ಮಣರು ಎಂಬುದೇ ಅವರ ಬೋರ್ಡಿನ ಭರವಸೆ. 1924ರಲ್ಲಿ ಮಯ್ಯ ಸಹೋದರರು ಬೆಂಗಳೂರಿನಲ್ಲಿ ತೆರೆದ ಹೋಟೆಲಿನ ಹೆಸರೇ ‘ಬ್ರಾಹ್ಮಿನ್ಸ್ ಕಾಫಿ ಕ್ಲಬ್’. ಅದೇ ಮುಂದೆ ಎಂ.ಟಿ.ಆರ್. ಎಂದು ಹೆಸರಾಯಿತು. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭವಾಯಿತು. ಹುಬ್ಬಳ್ಳಿ-ಧಾರವಾಡದ ಕಡೆ ರೊಟ್ಟಿ-ಪಲ್ಯದ ಖಾನಾವಳಿಗಳು ಇದೇ ಕೆಲಸ ಮಾಡಿದವು.

ಈ ಊಟ ಅಗ್ಗವಾಗಿದ್ದುದಕ್ಕೆ ಕಾರಣಗಳಿದ್ದವು. ಒಂದೇ ಬಗೆಯ ಅಡಿಗೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡುವುದರಿಂದ ಖರ್ಚು ಕಡಿಮೆ. ತಿಂಗಳ ಲೆಕ್ಕದಲ್ಲಿ ಉಣ್ಣುವವರಿದ್ದರೆ ಎಷ್ಟು ಅಕ್ಕಿ ಹಾಕಬೇಕೆಂಬುದು ಮೊದಲೇ ಗೊತ್ತು. ಮೂರನೆಯ ಕಾರಣ ಅಷ್ಟು ಹಿತವಾದುದಲ್ಲ. ಊರಿನಿಂದ ಬಂದ ಹುಡುಗರು ಕಡಿಮೆ ಸಂಬಳಕ್ಕೆ ಬೆಳಗಿನಿಂದ ರಾತ್ರಿಯವರೆಗೆ ಮೇಜು ಒರೆಸಿ, ಲೋಟ ತೊಳೆದು, ಅದೇ ಹೋಟೆಲಿನಲ್ಲಿ ಮಲಗುತ್ತಿದ್ದರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರಲ್ಲಿ ಹಲವರು ಈ ಹುಡುಗರೇ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು ಸರಕಾರ ನಿಷೇಧಿಸಿದ್ದು 2006ರಲ್ಲಿ. ಪ್ರವಾಸಿಯ ಅಗ್ಗದ ಊಟದ ಬೆಲೆಯಲ್ಲಿ ಒಂದು ಪಾಲನ್ನು ಯಾರದೋ ಬಾಲ್ಯ ತೆತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಬೆಲೆ ತೆತ್ತವರು ಬಾಗಿಲಾಚೆಗೇ ಉಳಿದವರು. 1917ರಲ್ಲಿ ಡಾ. ಅಂಬೇಡ್ಕರರು ಬರೋಡೆಗೆ ನೌಕರಿಗೆ ಹೋದಾಗ ಇಳಿದುಕೊಳ್ಳಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು ಅವರನ್ನು ಹೊರಡಿಸಿತು. ವಿದೇಶದಲ್ಲಿ ಓದಿ ಬಂದ ವಿದ್ವಾಂಸ, ಜೇಬಿನಲ್ಲಿ ಬಾಡಿಗೆಯ ದುಡ್ಡಿದ್ದೂ, ರಾತ್ರಿಯ ರೈಲಿನವರೆಗೆ ಸಾರ್ವಜನಿಕ ಉದ್ಯಾನದಲ್ಲಿ ಕಾಯಬೇಕಾಯಿತು. ಇದನ್ನು ಅವರೇ ಬರೆದಿದ್ದಾರೆ. ಹೋಟೆಲುಗಳಿಗೆ ಪ್ರವೇಶಿಸಲು ಜಾತಿ ಅಡ್ಡಬರಬಾರದೆಂಬ ಮಾತು ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿಯೇ ಏಕಿದೆ ಎಂದು ಅಚ್ಚರಿಪಡುವವರು ಈ ಘಟನೆಯನ್ನು ನೆನೆಯಬೇಕು. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯಿದೆ ಅಂಥ ತಡೆಯನ್ನು ಶಿಕ್ಷಾರ್ಹವಾಗಿಸಿತು.

ಮರುವರ್ಷವೇ, 1956ರ ನವೆಂಬರ್ 1ರಂದು, ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಮಂಚಿಕೇರಿಯವರ ರಾಜಧಾನಿ ಬದಲಾಯಿತು. ಸರಕಾರಿ ಕೆಲಸ, ಓದು, ರಜೆಯ ತಿರುಗಾಟ ಎಲ್ಲದಕ್ಕೂ ಈಗ ಬೆಂಗಳೂರು. ಒಣಗಿದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಎದ್ದಿತು. ಎದುರಿಗೇ ರೈಲು ನಿಲ್ದಾಣ. ಈ ಎರಡರ ಸುತ್ತ, ಮೆಜೆಸ್ಟಿಕ್ಕಿನ ಬೀದಿಗಳಲ್ಲಿ, ಸಾಧಾರಣ ಲಾಡ್ಜುಗಳು ಒತ್ತೊತ್ತಾಗಿ ಬೆಳೆದವು. ಚೀಲ ಹೊತ್ತು ದೂರ ನಡೆಯಬೇಕಿಲ್ಲ ಎಂಬುದೇ ಅವುಗಳ ಮುಖ್ಯ ಸೌಕರ್ಯ.

ಊಟದ ಲೆಕ್ಕವೂ ಬದಲಾಯಿತು. 1983ರಲ್ಲಿ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಬಂದ ಮೇಲೆ ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿತು. ಕುರ್ಚಿಯಿಲ್ಲ, ಮಾಣಿಯಿಲ್ಲ, ಹತ್ತು ನಿಮಿಷದಲ್ಲಿ ಗಿರಾಕಿ ಹೊರಗೆ. ಉಳಿದ ಜಾಗ ಮತ್ತು ಸಂಬಳದ ಹಣ ಇಡ್ಲಿಯ ದರ ಇಳಿಸಿತು. ಅಡಿಗೆ ಎದುರಿಗೇ ಕಾಣುತ್ತದೆ. ಪಕ್ಕದಲ್ಲಿ ನಿಂತವರು ಯಾರೆಂದು ಯಾರೂ ಕೇಳುವುದಿಲ್ಲ. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ. ಛತ್ರದ ಹಳೆಯ ಧರ್ಮ ಅಲ್ಲಿ ಸರಕಾರದ ಹೆಗಲೇರಿತು.

ಮಂಚಿಕೇರಿಯ ಸುತ್ತ ಹವ್ಯಕರ ತೋಟಗಳೂ ಇವೆ, ಸಿದ್ದಿಗಳ ಮನೆಗಳೂ ಇವೆ. ಇಬ್ಬರ ಮಕ್ಕಳೂ ಇಂದು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಒಂದೇ ಸಾಲಿನಲ್ಲಿ ನಿಂತು ಟೋಕನ್ ಪಡೆಯಬಹುದು. ಗಲ್ಲಾ ಪೆಟ್ಟಿಗೆಗೆ ಕರುಣೆಯಿಲ್ಲ ಎನ್ನುವುದುಂಟು. ನಿಜ, ದುಡ್ಡಿಲ್ಲದವನನ್ನು ಅದು ಈಗಲೂ ಹೊರಗೇ ನಿಲ್ಲಿಸುತ್ತದೆ. ಆದರೂ ದುಡ್ಡನ್ನಷ್ಟೇ ಕೇಳಿ ಬೇರೇನನ್ನೂ ಕೇಳದ ಸ್ಥಿತಿಗೆ ಅದು ಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ನಾವು ಮರೆಯಬಾರದು.