ಮೊನೆಯಿಲ್ಲದ ಕತ್ತಿ

ಈ ಹೊತ್ತು ನಾನು ಮಾತನಾಡಬೇಕೆಂದಿರುವ ವಸ್ತುವನ್ನು ತಮ್ಮ ಕಣ್ಣಿಗೆ ತೋರಿಸುವಂತಿಲ್ಲ. ರೇಡಿಯೋ ಭಾಷಣಕ್ಕಿರುವ ತೊಡಕೇ ಅದು. ಆದಕಾರಣ ಅದನ್ನು ತಾವೇ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಎರಡು ಕೈಗಳಿಗೂ ಎಡೆಕೊಡುವಷ್ಟು ಉದ್ದವಾದ ಹಿಡಿ. ಅದರ ಮುಂದೆ ನೇರವಾದ ಅಡ್ಡಪಟ್ಟಿ. ಅಲ್ಲಿಂದಾಚೆಗೆ ಸುಮಾರು 80 ಸೆಂಟಿಮೀಟರು ಉದ್ದದ, ಎರಡು ಕಡೆಯೂ ಹರಿತವಾದ ಅಗಲ ಅಲಗು. ಇಷ್ಟರಮಟ್ಟಿಗೆ ಅದು ಯೂರೋಪಿನ ಯಾವ ಯೋಧನ ಕತ್ತಿಯಾದರೂ ಆಗಬಹುದು. ಆದರೆ ಅಲಗಿನ ಕೊನೆಗೆ ಬಂದಾಗ ನೋಡುವವನ ಕಣ್ಣು ತಡೆದು ನಿಲ್ಲುತ್ತದೆ. ಅಲ್ಲಿ ಮೊನೆಯೇ ಇಲ್ಲ. ತುದಿಯನ್ನು ಅಡ್ಡಲಾಗಿ ಕತ್ತರಿಸಿದಂತೆಯೋ ದುಂಡಗೆ ತೇಯ್ದಂತೆಯೋ ಇರುತ್ತದೆ. ಅದು ತಿವಿಯುವುದಕ್ಕೆ ಹುಟ್ಟಿದ ಕತ್ತಿಯಲ್ಲ. ಜರ್ಮನ್ ನಗರಗಳಲ್ಲಿ ಮರಣದಂಡನೆಗೆ ಗುರಿಯಾದವರ ತಲೆಯನ್ನು ಹೊಡೆಯುತ್ತಿದ್ದ ಕತ್ತಿ ಅದು. ಅದನ್ನು ಹಿಡಿಯುವವನನ್ನು ನಮ್ಮ ಹಳೆಯ ಕಥೆಗಳ ಮಾತಿನಲ್ಲಿ ಕಟುಕನೆಂದೇ ಕರೆಯೋಣ.

ಕೊಡಲಿಯ ಪೆಟ್ಟಿಗೆ ಮರದ ದಿಮ್ಮಿಯೊಂದು ಆಸರೆಯಾಗಿ ಬೇಕು. ಈ ಕತ್ತಿಗೆ ಅದು ಬೇಡ. ಅಪರಾಧಿ ಮೊಣಕಾಲೂರಿಯೋ ಕುರ್ಚಿಯಲ್ಲಿ ಕುಳಿತೋ ಇರುವಾಗ, ಕಟುಕನು ಹಿಂದೆ ನಿಂತು ಅಡ್ಡಲಾಗಿ ಬೀಸುತ್ತಿದ್ದನು. ಅಲಗು ತುದಿಯವರೆಗೂ ಅಗಲವಾಗಿ ಭಾರವಾಗಿರುವುದಕ್ಕೆ ಇದೇ ಕಾರಣ. ಚಕ್ರವರ್ತಿ ಐದನೆಯ ಚಾರ್ಲ್ಸನ ಆಳ್ವಿಕೆಯಲ್ಲಿ 1532ರಲ್ಲಿ ಹೊರಟ ದಂಡಸಂಹಿತೆಯು ಬೆಂಕಿ, ಚಕ್ರ, ಹಗ್ಗ ಇವುಗಳ ಜೊತೆಗೆ ಕತ್ತಿಯನ್ನೂ ವಿಧಿಸಿತು. ಇವೆಲ್ಲಕ್ಕಿಂತಲೂ ಕತ್ತಿಯ ಸಾವೇ ಮಾನವುಳಿಸುವಂಥದೆಂದು ಜನರ ಎಣಿಕೆಯಾಗಿತ್ತು. ನೇಣಿಗೆ ಬದಲು ಕತ್ತಿಯನ್ನು ದಯಪಾಲಿಸಬೇಕೆಂದು ಅಪರಾಧಿಯ ಬಂಧುಗಳು ನ್ಯಾಯಮಂಡಲಿಯನ್ನು ಬೇಡಿಕೊಳ್ಳುತ್ತಿದ್ದರೆಂದರೆ, ಆ ಕಾಲದ ಕರುಣೆಯ ಅಳತೆ ಎಷ್ಟೆಂಬುದು ತಮಗೆ ತಿಳಿದೀತು.

ಇಂಥ ಕತ್ತಿಯೊಂದು ಕೈಗೆ ಬಂದರೆ ಅದು ನಿಜವಾದುದೆಂದು ಹೇಳುವುದು ಹೇಗೆ? ಅಲಗಿನ ಮೇಲೆ ನೇಣುಗಂಬವೋ, ಚಕ್ರವೋ, ತಕ್ಕಡಿ ಹಿಡಿದ ನ್ಯಾಯದೇವತೆಯೋ ಕೊರೆದಿರುವುದುಂಟು. ಕತ್ತಿಯನ್ನೆತ್ತುವಾಗ ಆ ಬಡಪಾಪಿಗೆ ನಿತ್ಯಜೀವನವು ದೊರೆಯಲೆಂದು ಹಾರೈಸುವ ಪದ್ಯವೂ ಹಲವು ಅಲಗುಗಳಲ್ಲಿ ಇದೆ. ಆದರೆ ಇವನ್ನು ಕಂಡೊಡನೆ ಹಿಗ್ಗಬಾರದು. ಹಳೆಯ ಯುದ್ಧದ ಕತ್ತಿಯ ಮೊನೆಯನ್ನು ತೇಯ್ದು, ಚಿತ್ರವನ್ನೂ ಇಸವಿಯನ್ನೂ ಆಮೇಲೆ ಕೊರೆಯುವುದು ಕಷ್ಟದ ಕೆಲಸವಲ್ಲ. ಸಂಗ್ರಾಹಕರ ಹಣ ಅಂಥ ಕೈಚಳಕವನ್ನು ಚೆನ್ನಾಗಿ ಪೋಷಿಸಿದೆ. ಕಮ್ಮಾರನ ಮುದ್ರೆಯನ್ನಾದರೂ ನಂಬೋಣವೆಂದರೆ ಅದಕ್ಕೂ ಎಡೆಯಿಲ್ಲ. ಓಡುವ ತೋಳದ ಗುರುತು ಪಸ್ಸಾವ್ ನಗರದ್ದು. ಅದನ್ನು ಜೋಲಿಂಗನ್ನಿನ ಕತ್ತಿಗಾರರೂ ಧಾರಾಳವಾಗಿ ಬಳಸಿಕೊಂಡರು. ಕಬ್ಬಿಣವು ತನ್ನ ಜಾತಿಯನ್ನು ಹೇಳೀತು. ತನ್ನನ್ನು ಹಿಡಿದವನು ಯಾರೆಂದು ಹೇಳಲಾರದು. ಅದಕ್ಕೆ ನಗರದ ಕಡತಗಳನ್ನೇ ತೆರೆಯಬೇಕು.

ನ್ಯೂರೆಂಬರ್ಗ್ ನಗರದ ಕಡತಗಳು ಈ ವಿಷಯದಲ್ಲಿ ಉದಾರವಾಗಿವೆ. ನ್ಯಾಯಸ್ಥಾನದ ಗುಮಾಸ್ತನೊಬ್ಬನು 1591ರಲ್ಲಿ ತನ್ನ ಪುಸ್ತಕದ ಅಂಚಿನಲ್ಲಿ, ಬಹುಶಃ ಬೇಸರ ಕಳೆಯಲೆಂದು, ತಲೆ ಹೊಡೆಯುವ ದೃಶ್ಯವನ್ನು ಗೀಚಿಟ್ಟಿದ್ದಾನೆ. ಅದರಲ್ಲಿ ಕತ್ತಿ ಹಿಡಿದಿರುವವನು ಫ್ರಾಂಟ್ಸ್ ಶ್ಮಿಟ್. ಈ ಫ್ರಾಂಟ್ಸನು 1573ರಿಂದ ತಾನು ನೆರವೇರಿಸಿದ ಶಿಕ್ಷೆಗಳನ್ನು ದಿನಚರಿಯಲ್ಲಿ ಬರೆದಿಟ್ಟನು. ಅದು 1801ರಲ್ಲಿ ಅಚ್ಚಾಯಿತು. ತನ್ನ ವೃತ್ತಿಜೀವನದಲ್ಲಿ ಅವನು ಕೊಂದವರು ಮುನ್ನೂರೈವತ್ತಕ್ಕೂ ಹೆಚ್ಚು ಮಂದಿ.

ಆದರೂ ಅವನು ಈ ವೃತ್ತಿಯನ್ನು ಬಯಸಿ ಹಿಡಿದವನಲ್ಲ. ಅವನ ತಂದೆ ಹೈನ್‌ರಿಖ್ ಹೋಫ್ ಪಟ್ಟಣದ ಮರ್ಯಾದಸ್ಥ ಗೃಹಸ್ಥ. 1553ರಲ್ಲಿ ಅಲ್ಲಿನ ಒಡೆಯನಾದ ಆಲ್ಬ್ರೆಖ್ಟನು ಮೂವರನ್ನು ಗಲ್ಲಿಗೇರಿಸಬೇಕೆಂದಾಗ ಊರಿನಲ್ಲಿ ಕಟುಕನಿರಲಿಲ್ಲ. ನೆರೆದಿದ್ದ ಗುಂಪಿನಲ್ಲಿ ನಿಂತಿದ್ದ ಹೈನ್‌ರಿಖ್‌ನನ್ನು ಬಲವಂತವಾಗಿ ಆ ಕೆಲಸಕ್ಕೆ ಹಚ್ಚಿದರು. ಅಂದಿನಿಂದ ನೆರೆಹೊರೆಯವರಿಗೆ ಅವನು ಹೊರಗಿನವನಾದನು; ಕಟುಕತನವೊಂದೇ ಅವನಿಗೆ ಉಳಿದ ದಾರಿ. ಕಟುಕನ ಮಗನನ್ನು ಯಾವ ಕಸಬಿನ ಸಂಘವೂ ಸೇರಿಸಿಕೊಳ್ಳದು. ಹಾಗಾಗಿ ಕತ್ತಿ ಮಗನ ಕೈಗೂ ಬಂದಿತು.

ಫ್ರಾಂಟ್ಸನು ಮದ್ಯವನ್ನು ಮುಟ್ಟದೆ, ಬಿಡುವಿನಲ್ಲಿ ಜನರ ಗಾಯಗಳಿಗೂ ಮುರಿದ ಎಲುಬುಗಳಿಗೂ ಚಿಕಿತ್ಸೆ ಮಾಡುತ್ತ, 1618ರಲ್ಲಿ ಕತ್ತಿಯನ್ನು ಕೆಳಗಿಟ್ಟನು. ಆ ಬಳಿಕ ಚಕ್ರವರ್ತಿ ಎರಡನೆಯ ಫರ್ಡಿನಾಂಡನಿಗೆ ಬಿನ್ನವತ್ತಳೆಯನ್ನು ಬರೆದುಕೊಂಡನು. ಅವನು ಬೇಡಿದುದು ಹಣವನ್ನಲ್ಲ, ತನಗೂ ತನ್ನ ಮಕ್ಕಳಿಗೂ ಮರ್ಯಾದೆಯನ್ನು. 1624ರಲ್ಲಿ ಅದು ಮಂಜೂರಾಯಿತು. ಹೋಫ್ ಪಟ್ಟಣದ ಆ ದಿನದಿಂದ ಎಣಿಸಿದರೆ 71 ವರ್ಷ ಕಳೆದಿತ್ತು.